ಆ್ಯಪ್ ಒತ್ತಿ ಒತ್ತಿ ಬಾಯಿ ಬರದವರಿಗೆ: ಮನೆಯಲ್ಲೇ ಕೂತು ಜರ್ಮನ್ ಕಲಿಯುವ ಸಮಗ್ರ ಮಾರ್ಗದರ್ಶಿ

ಜರ್ಮನ್ ಕಲಿಯಲು ಹೊರಟವರು ನನ್ನ ಬಳಿ ತೋಡಿಕೊಳ್ಳುವುದು ಹೆಚ್ಚುಕಮ್ಮಿ ಒಂದೇ ಕಷ್ಟ. ಎಂಟು ತಿಂಗಳಿಂದ ಒಂದು ದಿನವೂ ಬಿಟ್ಟಿಲ್ಲ, ಆ್ಯಪಿನಲ್ಲಿ 240 ದಿನದ ಸ್ಟ್ರೀಕ್ ಇದೆ, ಆದರೆ ಎದುರಿಗೆ ಒಬ್ಬರು ಕೂತು ‘ನಿಮ್ಮ ಊರು ಯಾವುದು’ ಅಂದರೆ ಬಾಯಿ ಕಟ್ಟುತ್ತದೆ. ನನಗೂ ಹೀಗೇ ಆಗಿತ್ತು. ಮೂವತ್ತೆಂಟರಲ್ಲಿ ಶುರುಮಾಡಿ, ಒಂದು ವರ್ಷ ಫೋನಿನ ಮೇಲೆ ಬೆರಳಾಡಿಸಿ, ಕೊನೆಗೆ ಎಲ್ಲ ಅಳಿಸಿ ಮೊದಲಿನಿಂದ ಹೊರಟೆ.

ಮದುವೆಮನೆಯಲ್ಲಿ ಎದುರಾದವರ ಮುಖ ಚೆನ್ನಾಗಿ ಗೊತ್ತಿರುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಆ್ಯಪ್ ನಾಲ್ಕು ಪದ ತೋರಿಸಿ ಒಂದನ್ನು ಮುಟ್ಟಿ ಎಂದಾಗ ನಾವು ಹಿಡಿಯುವುದು ಮುಖದ ಗುರುತು. ಮಾತಾಡಲು ಬೇಕಾದದ್ದು ಹೆಸರು. ಎಷ್ಟು ದಿನ ಮುಖ ನೋಡಿದರೂ ಹೆಸರು ತಾನಾಗಿ ಬಾಯಿಗೆ ಬರುವುದಿಲ್ಲ. ಅದನ್ನು ನೆನಪಿನಿಂದ ಎಳೆದು ತೆಗೆಯುವ ಅಭ್ಯಾಸವನ್ನೇ ಬೇರೆಯಾಗಿ ಮಾಡಬೇಕು. ಕೆಳಗಿನ ಹಂತಗಳೆಲ್ಲ ಸಾಫ್ಟ್‌ವೇರನ್ನು ಆ ಕೆಲಸಕ್ಕೆ ಬಗ್ಗಿಸುವ ಉಪಾಯಗಳು. ಕ್ರಮ ಬದಲಿಸಬೇಡಿ. ಹೆಚ್ಚಿನವರು ಸೋಲುವುದು ಐದನೆಯ ಹಂತದಿಂದ ಶುರುಮಾಡಿ ಮೂರನೆಯದನ್ನು ಹಾರಿಸುವುದರಿಂದ.

ಒಂದು ಮಾತು: ಇಲ್ಲಿ ಜರ್ಮನ್ ಪದಗಳನ್ನು ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಕಲಿಯುವಾಗ ಹೀಗೆ ಬರೆದುಕೊಳ್ಳಬೇಡಿ. ಯಾಕೆಂದು ಮೂರನೆಯ ಹಂತದಲ್ಲಿ ಗೊತ್ತಾಗುತ್ತದೆ.

## ಶುರುವಿಗೆ ಮುಂಚೆ: ಹತ್ತು ನಿಮಿಷದ ತಪಾಸಣೆ

ಈಗಾಗಲೇ ಯಾವುದಾದರೂ ಆ್ಯಪಿನಲ್ಲಿ ಅರ್ಧ ದಾರಿ ಬಂದಿದ್ದರೆ ಫೋನ್ ಪಕ್ಕಕ್ಕಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಅಡುಗೆಮನೆಯಲ್ಲಿ ಕಾಣುವ ಹತ್ತು ವಸ್ತುಗಳ ಹೆಸರನ್ನು ಜರ್ಮನ್‌ನಲ್ಲಿ ಬರೆಯಿರಿ. ಪ್ರತಿ ಪದಕ್ಕೆ ಮುಂಚೆ, ಅದರ ಲಿಂಗ ತೋರಿಸುವ ಡೆರ್ (ಗಂಡು), ಡೀ (ಹೆಣ್ಣು), ಡಸ್ (ನಪುಂಸಕ) ಇವುಗಳಲ್ಲಿ ಯಾವುದು ಬರುತ್ತದೋ ಅದನ್ನೂ, ಬಹುವಚನವನ್ನೂ ಸೇರಿಸಿ. ಆಮೇಲೆ ರೆಕಾರ್ಡರ್ ಹಾಕಿ ನಿಮ್ಮ ಬಗ್ಗೆ ಒಂದು ನಿಮಿಷ ಮಾತಾಡಿ.

ಹತ್ತರಲ್ಲಿ ಏಳಾದರೂ ಸರಿಯಿದ್ದು, ಒಂದು ನಿಮಿಷ ಹೇಗೋ ದಾಟಿದಿರಿ ಎಂದರೆ ನೇರ ಐದನೆಯ ಹಂತಕ್ಕೆ ಹೋಗಿ, ಕ್ರಮ ಬದಲಿಸಬಾರದೆಂಬ ಮಾತಿಗೆ ಇದೊಂದೇ ವಿನಾಯಿತಿ. ಇಲ್ಲದಿದ್ದರೆ ಆ್ಯಪ್ ತೋರಿಸುವ ‘ಪೂರ್ಣಗೊಂಡಿದೆ’ ಗುರುತನ್ನು ಮರೆತುಬಿಡಿ. ಎಂಟು ತಿಂಗಳು ಪೂರ್ತಿ ನಷ್ಟವೇನೂ ಅಲ್ಲ, ಮುಖ ಗೊತ್ತಿರುವವರ ಹೆಸರು ಕಲಿಯುವುದು ಅಪರಿಚಿತರದ್ದಕ್ಕಿಂತ ಬೇಗ ಆಗುತ್ತದೆ.

## ಹಂತ 1: ಯಾವ ಮಟ್ಟ, ಎಷ್ಟು ಗಂಟೆ

ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ತೀರಾ ಆರಂಭದ ಎ1ರಿಂದ ಸಿ2ರವರೆಗೆ ಆರು ಮಟ್ಟಗಳಿವೆ. ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಜರ್ಮನಿಗೆ ಹೋಗುವವರಿಗೆ ಸಾಮಾನ್ಯವಾಗಿ ಎ1 ಪ್ರಮಾಣಪತ್ರ ಬೇಕು. ನರ್ಸಿಂಗ್ ಕೆಲಸದ ಮಾನ್ಯತೆಗೆ ಸಾಮಾನ್ಯವಾಗಿ ಬಿ2ವರೆಗೆ ಹೋಗಬೇಕು, ಅಲ್ಲಿಗೆ ಬರೀ ಸಾಫ್ಟ್‌ವೇರ್ ಸಾಲದು, ತರಗತಿ ಬೇಕೇ ಬೇಕು. ಈ ಬರಹ ಎ1 ಮುಗಿಸುವವರೆಗಿನ ದಾರಿಗೆ ಮಾತ್ರ.

ಗೋಥೆ ಇನ್‌ಸ್ಟಿಟ್ಯೂಟ್ ಎಂಬ, ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಸಂಸ್ಥೆ ಎ1 ಪರೀಕ್ಷೆಗೆ ಹೇಳುವ ಲೆಕ್ಕ 45 ನಿಮಿಷದ 80ರಿಂದ 200 ಪಾಠಗಳು. ಒಬ್ಬರೇ ಕಲಿಯುವವರು ಮೇಲಿನ ಅಂಕಿಯನ್ನೇ ಇಟ್ಟುಕೊಳ್ಳಿ: 150 ಗಂಟೆ. ದಿನಕ್ಕೆ ಮುಕ್ಕಾಲು ಗಂಟೆಯಂತೆ 200 ದಿನ. ‘ಮೂರು ತಿಂಗಳಲ್ಲಿ ನಿರರ್ಗಳ’ ಎನ್ನುವ ಜಾಹೀರಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಆ 45 ನಿಮಿಷವನ್ನು ಹೀಗೆ ಹಂಚಿ: ಕಾರ್ಡ್ (ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಚೀಟಿ) 15, ಪಾಠ 20, ಬಾಯಿ (ಜೋರಾಗಿ ಮಾತಾಡುವುದು) 10. ಮೂರನ್ನೂ ಒಟ್ಟಿಗೆ ಕೂತು ಮಾಡಬೇಕೆಂದಿಲ್ಲ. ಕಾರ್ಡ್ ಬೆಳಗಿನ ಕಾಫಿ ಹೊತ್ತಿಗೆ ಮುಗಿಯಬಹುದು. ಬಾಯಿಯ ಹತ್ತು ನಿಮಿಷಕ್ಕೆ ಮಾತ್ರ ಬಾಗಿಲು ಮುಚ್ಚಿದ ಜಾಗ ಬೇಕು, ಮೆಟ್ರೋದಲ್ಲಿ ಮಾಡುತ್ತೇನೆ ಅನ್ನುವವರು ಮಾಡುವುದಿಲ್ಲ. ಪಾಳಿ ಕೆಲಸದವರಿಗೆ ಗಡಿಯಾರದ ಹೊತ್ತು ಕೂಡಿಬರುವುದಿಲ್ಲ. ಅವರು ‘ಊಟವಾದ ತಕ್ಷಣ’, ‘ಸ್ನಾನಕ್ಕೆ ಮುಂಚೆ’ ಎಂದು ದಿನವೂ ತಪ್ಪದ ಯಾವುದಾದರೂ ಕೆಲಸಕ್ಕೆ ಗಂಟುಹಾಕಿಕೊಳ್ಳಲಿ.

## ಹಂತ 2: ಸಾಮಾನು ಜೋಡಿಸುವುದು

ಮೂರೇ ಸಾಫ್ಟ್‌ವೇರ್ ಸಾಕು. ಏಳು ಆ್ಯಪ್ ಹಾಕಿಕೊಂಡವರು ಏಳರಲ್ಲೂ ‘ನಮಸ್ಕಾರ, ನನ್ನ ಹೆಸರು’ ಪಾಠವನ್ನೇ ಏಳು ಸಲ ಮಾಡಿರುತ್ತಾರೆ.

ಮೊದಲನೆಯದು ಪಾಠಮಾಲೆ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯ ‘ನೀಕೋಸ್ ವೇಗ್’ ಉಚಿತ, ಎ1ರಿಂದ ಬಿ1ವರೆಗೆ ವಿಡಿಯೊ ಕತೆಯಾಗಿ ಸಾಗುತ್ತದೆ. ಡುವೊಲಿಂಗೊ ಆ್ಯಪ್ ಅಭ್ಯಾಸವಾಗಿದ್ದರೆ ಅದನ್ನು ಬಿಡಬೇಕೆಂದೇನಿಲ್ಲ, ಆದರೆ ಅದು ಊಟದ ಜೊತೆಯ ಹಪ್ಪಳ. ಅದನ್ನೇ ಊಟ ಮಾಡಿಕೊಳ್ಳಬೇಡಿ.

ಎರಡನೆಯದು ಕಾರ್ಡಿನ ಸಾಫ್ಟ್‌ವೇರ್, ಆಂಕಿ. ಕಂಪ್ಯೂಟರಿಗೆ ಉಚಿತ, ಆಂಡ್ರಾಯ್ಡ್‌ನಲ್ಲಿ ‘ಆಂಕಿಡ್ರಾಯ್ಡ್’ ಉಚಿತ. ಐಫೋನಿನ ಆ್ಯಪಿಗೆ ಒಂದು ಸಲ ದುಡ್ಡು ಕೊಡಬೇಕು, ಬೇಡವಾದರೆ ಬ್ರೌಸರಿನಲ್ಲಿ ಆಂಕಿವೆಬ್ ತೆರೆದು ಪುಕ್ಕಟೆ ಓದಬಹುದು. ಒಂದು ಎಚ್ಚರಿಕೆ: ಇದೇ ಹೆಸರನ್ನು ಹೋಲುವ, ತಿಂಗಳಿಗೆ ಬಾಡಿಗೆ ಕೇಳುವ ಬೇರೆಯವರ ಆ್ಯಪ್‌ಗಳು ಸ್ಟೋರಿನಲ್ಲಿ ಇವೆ. ತಿಂಗಳ ಚಂದಾ ಕೇಳಿದರೆ ತಪ್ಪು ಬಾಗಿಲು ತಟ್ಟಿದ್ದೀರಿ ಎಂದರ್ಥ.

ಮೂರನೆಯದು ಫೋನಿನಲ್ಲೇ ಇದೆ: ಧ್ವನಿ ರೆಕಾರ್ಡರ್ ಮತ್ತು ಮಾತನ್ನು ಬರಹ ಮಾಡುವ ಕೀಬೋರ್ಡ್. ಕೀಬೋರ್ಡಿನ ಸೆಟ್ಟಿಂಗಿನಲ್ಲಿ ಜರ್ಮನ್ ಭಾಷೆ ಸೇರಿಸಿ. ಎರಡು ಚುಕ್ಕೆಯ ಮೂರು ಸ್ವರಗಳೂ (ä, ö, ü) ಬಾಲದ ಎಸ್ಸೂ (ß) ಅಕ್ಷರವನ್ನು ಒತ್ತಿ ಹಿಡಿದರೆ ಬರುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಜರ್ಮನ್ ಕೀಲಿಮಣೆ ಹಾಕಿದಾಗ ‘ವೈ’ ಮತ್ತು ‘ಝಡ್’ ಜಾಗ ಅದಲುಬದಲಾಗುತ್ತವೆ, ಕಂಪ್ಯೂಟರ್ ಕೆಟ್ಟಿತೆಂದು ಗಾಬರಿಯಾಗಬೇಡಿ.

ಇದರ ಜೊತೆಗೆ ಕಿವಿಗೆ ಹೆಡ್‌ಫೋನ್, ಒಂದು ನೂರು ಪುಟದ ಗೆರೆ ಪುಸ್ತಕ. ಪದದ ಲಿಂಗ ಖಚಿತಪಡಿಸಿಕೊಳ್ಳಲು ಡೂಡನ್ ನಿಘಂಟಿನ ತಾಣ. ಅನುವಾದ ಯಂತ್ರದಿಂದ ಲಿಂಗ ತೆಗೆದುಕೊಳ್ಳಬೇಡಿ.

## ಹಂತ 3: ಮೊದಲ ಎರಡು ವಾರ ಕಿವಿ ಮತ್ತು ಬಾಯಿ ಮಾತ್ರ

ಈ ಎರಡು ವಾರ ಪದ ಕಲಿಯುವ ಆತುರ ಬೇಡ. ತಪ್ಪು ಉಚ್ಚಾರದಲ್ಲಿ 300 ಪದ ಕಲಿತವರು ಆಮೇಲೆ 300 ಪದವನ್ನೂ ಮತ್ತೆ ಕಲಿಯಬೇಕಾಗುತ್ತದೆ. ಅಷ್ಟೇ ಅಲ್ಲ, ತಪ್ಪು ಕಲಿತ ಪದ ಕಿವಿಗೆ ಬಿದ್ದರೂ ಗುರುತು ಸಿಗುವುದಿಲ್ಲ.

ಕನ್ನಡದಲ್ಲಿ ಇಲ್ಲದ ಎರಡು ಸ್ವರಗಳು ಮೊದಲು. ‘ಈ’ ಎನ್ನುತ್ತಾ ನಾಲಿಗೆಯನ್ನು ಅಲುಗಿಸದೆ ತುಟಿಯನ್ನು ಮಾತ್ರ ‘ಊ’ ಎನ್ನುವಂತೆ ಮುಂದಕ್ಕೆ ಚಾಚಿ. ಬಂದದ್ದೇ ಚುಕ್ಕೆಯ ‘ಯು’. ಹಾಗೆಯೇ ‘ಏ’ ಎನ್ನುತ್ತಾ ತುಟಿಯನ್ನು ‘ಓ’ ಮಾಡಿದರೆ ಚುಕ್ಕೆಯ ‘ಓ’. ಕನ್ನಡಿ ಎದುರು ಮಾಡಿ. ಇದನ್ನು ‘ಯೂ’, ‘ಯೋ’ ಎಂದು ಬರೆದುಕೊಂಡಿರೋ, ಅಲ್ಲಿಗೆ ಕೆಟ್ಟಿತು, ಏಕೆಂದರೆ ನಮ್ಮ ಲಿಪಿ ಬರೆದದ್ದನ್ನೇ ಓದಿಸುತ್ತದೆ. ಕಣ್ಣು ‘ಯೂ’ ಕಂಡರೆ ಬಾಯಿ ಯೂ ಅನ್ನದೆ ಇರುವುದಿಲ್ಲ. ‘ಡ್ರುಕನ್’ ಅಂದರೆ ಮುದ್ರಿಸು, ಅದೇ ಪದ ಚುಕ್ಕೆಯ ಸ್ವರದಲ್ಲಿ ಒತ್ತು. ಪ್ರಿಂಟರಿನ ಮುಂದೆ ನಿಂತವರಿಗೆ ಎರಡೂ ಬೇಕಾಗುತ್ತವೆ.

‘ನಾನು’ ಎನ್ನುವ ಜರ್ಮನ್ ಪದದ (ich) ಕೊನೆಯ ಸದ್ದನ್ನು ನಾವೆಲ್ಲ ‘ಇಶ್’ ಅಥವಾ ‘ಇಕ್’ ಮಾಡುತ್ತೇವೆ. ‘ಹೀಗೆ’ ಎಂದು ಪಿಸುಗುಟ್ಟಿ, ಅದರ ಮೊದಲ ಉಸಿರನ್ನಷ್ಟೇ ಹಿಡಿದು ಎಳೆಯಿರಿ. ಅದೇ ಬೇಕಾದ ಸದ್ದು.

ಇನ್ನು ಕನ್ನಡಿಗರದ್ದೇ ಆದ ಮೂರು ಚಾಳಿಗಳು. ಇಂಗ್ಲಿಷಿನವರಿಗಾಗಿ ಮಾಡಿದ ಆ್ಯಪ್ ಇವನ್ನು ಎತ್ತಿ ತೋರಿಸುವುದಿಲ್ಲ.

ಬಸ್ಸು, ಕಾರು, ರೋಡು ಎಂದು ಪದದ ಕೊನೆಗೆ ‘ಉ’ ಹಚ್ಚುತ್ತೇವೆ. ನಾಯಿ ಎಂಬ ಅರ್ಥದ ‘ಹುಂಟ್’ ನಮ್ಮ ಬಾಯಲ್ಲಿ ‘ಹುಂಡು’ ಆಗುತ್ತದೆ. ಜರ್ಮನ್‌ನಲ್ಲಿ ಕೊನೆಯ ಡ, ಬ, ಗ ಗಳು ಟ, ಪ, ಕ ಗಳಾಗಿ ಗಕ್ಕನೆ ನಿಲ್ಲುತ್ತವೆ.

‘ಎಲ್ಲಿ’ಯನ್ನು ‘ಯೆಲ್ಲಿ’, ‘ಒಂದು’ವನ್ನು ‘ವೊಂದು’ ಎನ್ನುತ್ತೇವಲ್ಲ, ಅದೇ ರೂಢಿಯಲ್ಲಿ ತಿನ್ನು ಎಂಬ ‘ಎಸನ್’ ‘ಯೆಸನ್’ ಆಗಿಬಿಡುತ್ತದೆ. ಸ್ವರದಿಂದ ಶುರುವಾಗುವ ಪದಕ್ಕೆ ಮುಂಚೆ ಗಂಟಲನ್ನು ಕ್ಷಣಕಾಲ ಬಿಗಿಹಿಡಿದು ಬಿಡಿ, ‘ಯ’ ನುಸುಳುವುದಿಲ್ಲ.

ಮೂರನೆಯದು ‘ಟ’. ನಾಲಿಗೆ ಮಡಚಿ ಹೇಳುವ ನಮ್ಮ ಟಕಾರವೂ ಅಲ್ಲ, ಹಲ್ಲಿಗೆ ತಾಗುವ ತಕಾರವೂ ಅಲ್ಲ. ನಾಲಿಗೆ ತುದಿ ಇವೆರಡರ ನಡುವೆ, ಒಸಡಿನ ಏರಿಗೆ ತಾಗಬೇಕು, ಜೊತೆಗೆ ಸ್ವಲ್ಪ ಉಸಿರು. ಇದು ಕೆಟ್ಟರೂ ಅರ್ಥವಾಗುತ್ತದೆ, ಹಾಗಾಗಿ ಕೊನೆಗೆ ನೋಡಿಕೊಳ್ಳಿ.

ಪರೀಕ್ಷಿಸುವ ಬಗೆ: ಕೀಬೋರ್ಡನ್ನು ಜರ್ಮನ್‌ಗೆ ತಿರುಗಿಸಿ, ಮೈಕ್ ಒತ್ತಿ, ಮುದ್ರಿಸು-ಒತ್ತು ಎಂಬಂಥ ಜೋಡಿಪದಗಳಲ್ಲಿ ಒಂದೊಂದೇ ಪದ ಹೇಳಿ. ಚುಕ್ಕೆಯ ಪದ ಹೇಳಿದಾಗ ಚುಕ್ಕೆಯ ಪದವೇ ಬರೆದರೆ ಸರಿ. ಐದರಲ್ಲಿ ನಾಲ್ಕು ಸಲ ಬಂದರೆ ಮುಂದಿನ ಜೋಡಿಗೆ ಹೋಗಿ. ಇಡೀ ವಾಕ್ಯ ಹೇಳಿ ಪರೀಕ್ಷಿಸಬೇಡಿ. ಅಕ್ಕಪಕ್ಕದ ಪದ ನೋಡಿ ಯಂತ್ರ ತಾನೇ ತಿದ್ದಿಕೊಳ್ಳುತ್ತದೆ, ನಿಮಗೆ ಸುಳ್ಳು ಧೈರ್ಯ ಬರುತ್ತದೆ.

## ಹಂತ 4: ಒಂದು ಪಾಠವನ್ನು ಓಡಿಸುವ ಕ್ರಮ

ವಿಡಿಯೊವನ್ನು ಮೊದಲ ಸಲ ಅಡಿಬರಹವಿಲ್ಲದೆ ನೋಡಿ. ಏನೂ ಅರ್ಥವಾಗದಿದ್ದರೂ ನೋಡಿ. ಎರಡನೆಯ ಸಲ ಜರ್ಮನ್ ಅಡಿಬರಹದೊಂದಿಗೆ. ಇಂಗ್ಲಿಷ್ ಅಡಿಬರಹ ಹಾಕಿದ ಕ್ಷಣ ಕಿವಿ ಕೆಲಸ ನಿಲ್ಲಿಸುತ್ತದೆ, ಅದಕ್ಕೆ ಮೂರನೆಯ ಸಲವೂ ಅವಕಾಶ ಕೊಡಬೇಡಿ. ಗೊತ್ತಾಗದ ಪದವನ್ನು ನಿಘಂಟಿನಲ್ಲಿ ನೋಡಿ.

ಆಮೇಲೆ ಅಭ್ಯಾಸಗಳು. ಆಯ್ಕೆ ಕೊಟ್ಟು ಕೇಳುವ ಪ್ರಶ್ನೆ ಬಂದಾಗ ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ, ಉತ್ತರವನ್ನು ಬಾಯಲ್ಲಿ ಹೇಳಿ, ನಂತರ ಕೈ ತೆಗೆಯಿರಿ. ಇಷ್ಟು ಸಣ್ಣ ಬದಲಾವಣೆಯಿಂದಲೇ ಅದೇ ಆ್ಯಪ್ ಬೇರೆ ಆ್ಯಪ್ ಆಗುತ್ತದೆ. ಪದಗಳ ತುಂಡುಗಳನ್ನು ಸಾಲಾಗಿ ಜೋಡಿಸುವ ಅಭ್ಯಾಸಕ್ಕೂ ಇದೇ ಉಪಾಯ. ಟೈಪ್ ಮಾಡುವ ಆಯ್ಕೆ ಇದ್ದರೆ ಅದನ್ನೇ ಆರಿಸಿ.

ಪಾಠ ಮುಗಿದ ಮೇಲೆ ಅದರಿಂದ ಎಂಟು ಪದ ಅಥವಾ ವಾಕ್ಯ ಆರಿಸಿ ಪುಸ್ತಕದಲ್ಲಿ ಬರೆಯಿರಿ. ಎಂಟಕ್ಕಿಂತ ಹೆಚ್ಚು ಬೇಡ. ಮಿಕ್ಕವು ಮುಂದಿನ ಪಾಠದಲ್ಲಿ ತಾವಾಗಿ ಮತ್ತೆ ಬರುತ್ತವೆ, ಬರದಿದ್ದವು ಬೇಕಾಗಿರಲಿಲ್ಲ.

## ಹಂತ 5: ಕಾರ್ಡ್ ಮಾಡುವುದು

ಹೆಚ್ಚು ಜನ ಕೈಬಿಡುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಆಂಕಿಯ ಕೆಲಸ ಸರಳ. ನೀವು ಮರೆಯುವ ಹೊತ್ತಿಗೆ ಕಾರ್ಡನ್ನು ಮತ್ತೆ ಮುಂದಿಡುತ್ತದೆ. ಸರಿ ಹೇಳಿದಷ್ಟೂ ಅಂತರ ದಿನದಿಂದ ವಾರಕ್ಕೆ, ವಾರದಿಂದ ತಿಂಗಳಿಗೆ ಹಿಗ್ಗುತ್ತದೆ. ಕೆಡುವುದು ಕಾರ್ಡ್ ಹಾಕುವವರಿಂದ.

ಸೆಟ್ಟಿಂಗ್. ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಇಟ್ಟಿರುತ್ತಾರೆ. ಅದನ್ನು 8 ಮಾಡಿ. 20 ಬಿಟ್ಟರೆ ಮೊದಲ ವಾರ ಹುಮ್ಮಸ್ಸಿರುತ್ತದೆ, ಮೂರನೆಯ ವಾರಕ್ಕೆ ದಿನದ ಪುನರಾವರ್ತನೆ ನೂರು ದಾಟಿ, ನಾಲ್ಕನೆಯ ವಾರ ಆ್ಯಪ್ ತೆರೆಯಲು ಭಯವಾಗುತ್ತದೆ. ಎ1 ಮಟ್ಟದ ಗೋಥೆ ಪದಪಟ್ಟಿಯಲ್ಲಿ ಇರುವುದು ಸುಮಾರು 650 ಪದ. ದಿನಕ್ಕೆ ಎಂಟರಂತೆ ಮೂರು ತಿಂಗಳೊಳಗೆ ಮುಗಿಯುತ್ತದೆ. ‘ಎಫ್‌ಎಸ್‌ಆರ್‌ಎಸ್’ ಎಂಬ, ಕಾರ್ಡನ್ನು ಮತ್ತೆ ಯಾವಾಗ ತೋರಿಸಬೇಕೆಂದು ಲೆಕ್ಕಹಾಕುವ ಆಯ್ಕೆಯನ್ನು ಚಾಲೂ ಮಾಡಿ, ನೆನಪಿನ ಗುರಿಯನ್ನು ಇರುವ 90 ಪ್ರತಿಶತದಲ್ಲೇ ಬಿಡಿ. ಅತಿ ಆಸೆಯಿಂದ 97ಕ್ಕೆ ಏರಿಸಿದರೆ ಪುನರಾವರ್ತನೆ ಹಲವು ಪಟ್ಟು ಆಗುತ್ತದೆ.

ಗುಂಡಿಗಳು. ಕೆಳಗೆ ನಾಲ್ಕಿವೆ: ಅಗೇನ್, ಹಾರ್ಡ್, ಗುಡ್, ಈಸಿ. ಮರೆತುಹೋದ ಕಾರ್ಡಿಗೆ ಮರ್ಯಾದೆ ಉಳಿಸಿಕೊಳ್ಳಲು ‘ಹಾರ್ಡ್’ ಒತ್ತುವುದು ಎಲ್ಲರೂ ಮಾಡುವ ತಪ್ಪು. ‘ಹಾರ್ಡ್’ ಅಂದರೆ ಕಷ್ಟಪಟ್ಟರೂ ನೆನಪಾಯಿತು ಎಂದು ಯಂತ್ರ ತಿಳಿಯುತ್ತದೆ, ಅಂತರ ಹೆಚ್ಚಿಸುತ್ತದೆ. ಮರೆತಿದ್ದರೆ ‘ಅಗೇನ್’, ನೆನಪಾದರೆ ‘ಗುಡ್’. ಉಳಿದೆರಡನ್ನು ಮೊದಲ ಆರು ತಿಂಗಳು ಮುಟ್ಟಲೇಬೇಡಿ.

ಕಾರ್ಡಿನ ಮುಂದೆ ಕನ್ನಡ ಬರೆಯಿರಿ. ಇದೇಕೆ ಇಷ್ಟು ಮುಖ್ಯವೆಂದರೆ, ಆ್ಯಪ್‌ಗಳು ಹೆಚ್ಚಾಗಿ ಇಂಗ್ಲಿಷ್ ಮೂಲಕ ಕಲಿಸುತ್ತವೆ. ಇಂಗ್ಲಿಷಿನ ಒಂದೇ ‘ಯೂ’ಗೆ ಜರ್ಮನ್‌ನಲ್ಲಿ ಮೂರು ಪದ. ಕನ್ನಡದಲ್ಲಿ ಬರೆದರೆ ಮೂರೂ ತಾವಾಗಿ ಬೇರೆಯಾಗುತ್ತವೆ: ನೀನು ಎಂಬುದಕ್ಕೆ ‘ಡೂ’, ನೀವು ಎಂಬ ಗೌರವಕ್ಕೆ ‘ಝೀ’, ನೀವೆಲ್ಲ ಎಂದು ಗೆಳೆಯರ ಗುಂಪಿಗೆ ‘ಈರ್’. ಕಾರ್ಡಿನ ಮುಂದೆ ‘ನೀವು ಎಲ್ಲಿ ವಾಸವಾಗಿದ್ದೀರಿ?’ ಎಂದಿದ್ದರೆ ಹಿಂದೆ ‘ವೋ ವೋನನ್ ಝೀ?’ ‘ನೀನು ಎಲ್ಲಿರೋದು?’ ಎಂದಿದ್ದರೆ ‘ವೋ ವೋನ್ಸ್ಟ್ ಡೂ?’ ಇಂಗ್ಲಿಷ್ ಕಾರ್ಡ್ ಇಟ್ಟುಕೊಂಡು ಕಲಿತವರು ಅಧಿಕಾರಿಯನ್ನು ‘ನೀನು’ ಎಂದು ಕರೆದು ಬರುತ್ತಾರೆ.

ಮೂರು ಬಗೆಯ ಕಾರ್ಡ್. ನಾಮಪದದ ಕಾರ್ಡಿನ ಮುಂದೆ ಚಿತ್ರ ಅಥವಾ ಕನ್ನಡ ಪದ, ಹಿಂದೆ ಡೆರ್/ಡೀ/ಡಸ್ ಸಮೇತ ಪದ, ಬಹುವಚನ, ಧ್ವನಿ. ವಾಕ್ಯದ ಕಾರ್ಡಿನ ಮುಂದೆ ಕನ್ನಡ ವಾಕ್ಯ, ಹಿಂದೆ ಜರ್ಮನ್. ಮೂರನೆಯದು ತೂತಿನ ಕಾರ್ಡ್, ಜರ್ಮನ್ ವಾಕ್ಯದಲ್ಲಿ ಒಂದು ಪದ ಮಾಯ. ಆಂಕಿಯಲ್ಲಿ ಇದನ್ನು ‘ಕ್ಲೋಜ್’ ಎನ್ನುತ್ತಾರೆ. ಜರ್ಮನ್ ಮುಂದೆ, ಕನ್ನಡ ಹಿಂದೆ ಇರುವ ಕಾರ್ಡ್ ಬೇಡ. ಅದು ಮತ್ತೆ ಮುಖದ ಗುರುತೇ.

ಲಿಂಗದ ವಿಷಯದಲ್ಲಿ ತರ್ಕ ಹುಡುಕಬೇಡಿ. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಹುಡುಗಿ ಎಂಬ ‘ಮೇಡ್‌ಶನ್’ ನಪುಂಸಕ. ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ನಿಂತಿರುವುದರಿಂದ ನಮಗೆ ಇದು ತಮಾಷೆಯಾಗಿ ಕಾಣುತ್ತದೆ. ಆದರೆ ಸಂಸ್ಕೃತ ಓದಿದವರಿಗೆ ಹೆಂಡತಿ ಎಂಬ ಅರ್ಥದ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ ಎಂಬುದು ನೆನಪಿರಬಹುದು. ಹಾಗೇ ಇದೂ. ಡೆರ್ ನೀಲಿ, ಡೀ ಕೆಂಪು, ಡಸ್ ಹಸಿರು ಎಂದು ಅಕ್ಷರಕ್ಕೆ ಬಣ್ಣ ಹಚ್ಚಿ. ಪರೀಕ್ಷೆಯಲ್ಲಿ ಪದದ ಲಿಂಗ ಮರೆತರೂ ಬಣ್ಣ ನೆನಪಾಗುವುದುಂಟು. ನಂಬಬಹುದಾದ ಕೆಲವು ಸುಳುಹುಗಳಿವೆ: ಪದದ ಕೊನೆಗೆ ‘ಉಂಗ್’, ‘ಹೈಟ್’, ‘ಕೈಟ್’, ‘ಶಾಫ್ಟ್’ ಎಂಬ ಪ್ರತ್ಯಯ ಬಂದರೆ ಡೀ. ಪುಟ್ಟದು ಎಂಬ ಅರ್ಥದ ‘ಶನ್’, ‘ಲೈನ್’ ಬಂದರೆ ಡಸ್. ವಾರದ ದಿನಗಳು, ತಿಂಗಳುಗಳು ಡೆರ್.

ತಿರುಗಿಸುವ ಮುಂಚೆ ಜೋರಾಗಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಲೆಕ್ಕಕ್ಕಿಲ್ಲ. ಐದು ಸೆಕೆಂಡಿನಲ್ಲಿ ಬಾಯಿಗೆ ಬಾರದಿದ್ದರೆ ಅದು ‘ಅಗೇನ್’. ಕಂಪ್ಯೂಟರಿನ ಆಂಕಿಯಲ್ಲಿ ಶಿಫ್ಟ್ ಜೊತೆ ‘ವಿ’ ಒತ್ತಿ ನಿಮ್ಮ ಧ್ವನಿ ಹಿಡಿದು, ಬರೀ ‘ವಿ’ ಒತ್ತಿ ಕೇಳಬಹುದು. ಮೊದಮೊದಲು ನಿಮ್ಮ ದನಿ ನಿಮಗೇ ಹಿಡಿಸುವುದಿಲ್ಲ, ಎರಡು ವಾರದಲ್ಲಿ ರೂಢಿಯಾಗುತ್ತದೆ.

ಇನ್ನೊಬ್ಬರು ಮಾಡಿಟ್ಟ 5000 ಪದದ ಕಟ್ಟು ಇಳಿಸಿಕೊಳ್ಳಬೇಡಿ. ಮೊದಲ 300 ಕಾರ್ಡನ್ನಾದರೂ ನಿಮ್ಮ ಕೈಯಾರೆ ಮಾಡಿ. ಟೈಪ್ ಮಾಡುವಾಗಲೇ ಅರ್ಧ ಕಲಿತಿರುತ್ತೀರಿ.

ಎಂಟು ಸಲ ಮರೆತ ಕಾರ್ಡಿಗೆ ಆಂಕಿ ‘ಲೀಚ್’ ಎಂಬ ಚೀಟಿ ಅಂಟಿಸುತ್ತದೆ. ಜಿಗಣೆ ಎಂದೇ ಅರ್ಥ, ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಅದನ್ನು ಮತ್ತೆ ಅದೇ ರೂಪದಲ್ಲಿ ಒಳಗೆ ಬಿಡಬೇಡಿ. ಪದವನ್ನು ಒಂದು ವಾಕ್ಯದಲ್ಲಿಟ್ಟು ಹೊಸ ಕಾರ್ಡ್ ಮಾಡಿ, ಹಳೆಯದನ್ನು ಅಳಿಸಿ.

ನಾಲ್ಕು ದಿನ ಬಿಟ್ಟು ಬಂದಾಗ 180 ಕಾರ್ಡ್ ಕಾಯುತ್ತಿದ್ದರೆ? ಹೊಸ ಕಾರ್ಡನ್ನು ಸೊನ್ನೆಗೆ ಇಳಿಸಿ, ದಿನಕ್ಕೆ 50ರಂತೆ ತೀರಿಸಿ. ದಿನದ ಬಾಕಿ ಮಾಮೂಲಿಗೆ ಬಂದ ಮೇಲೆ ಮತ್ತೆ 8. ‘ಎಲ್ಲ ಅಳಿಸಿ ಹೊಸದಾಗಿ ಶುರು’ ಎಂದು ಮನಸ್ಸು ಹೇಳುತ್ತದೆ, ಕೇಳಬೇಡಿ.

## ಹಂತ 6: ವ್ಯಾಕರಣಕ್ಕೆ ಕನ್ನಡದ ಮೆಟ್ಟಿಲು

ಸುಮಾರು ಆರನೆಯ ವಾರಕ್ಕೆ ಪಾಠದಲ್ಲಿ ವಿಭಕ್ತಿಗಳು ಬರುತ್ತವೆ. ಇಂಗ್ಲಿಷ್ ವಿವರಣೆ ಓದಿ ಕಂಗಾಲಾಗುವ ಬದಲು ಶಾಲೆಯ ಕನ್ನಡ ವ್ಯಾಕರಣ ನೆನಪಿಸಿಕೊಳ್ಳಿ. ಅವರ ‘ಅಕುಝಾಟಿಫ್’ ನಮ್ಮ ದ್ವಿತೀಯಾ, ‘ಡಾಟಿಫ್’ ನಮ್ಮ ಚತುರ್ಥಿ.

ನನಗೆ ಎಂಬುದು ‘ಮೀರ್’. ನನಗೆ ಚಳಿ, ಇದು ನನಗೆ ಸೇರಿದ್ದು, ನನಗೆ ಹಿಡಿಸಿತು, ನನಗೆ ಸಹಾಯ ಮಾಡು. ಈ ನಾಲ್ಕರಲ್ಲೂ ಜರ್ಮನ್‌ನವರೂ ಚತುರ್ಥಿಯನ್ನೇ ಹಾಕುತ್ತಾರೆ. ಇಂಗ್ಲಿಷ್ ಮೂಲಕ ಹೋದವರು ಉರುಹೊಡೆಯುವ ಈ ಪಟ್ಟಿ ನಮಗೆ ಬಾಯಲ್ಲೇ ಇದೆ.

ಆದರೆ ಎಲ್ಲ ಕಡೆ ನಂಬಬೇಡಿ. ನನಗೆ ಹಸಿವು, ನನಗೆ ಗೊತ್ತು, ನನಗೆ ಇಬ್ಬರು ಮಕ್ಕಳು: ಈ ಮೂರರಲ್ಲಿ ಅವರು ‘ನಾನು’ ಎನ್ನುತ್ತಾರೆ. ನಾವು ‘ನಿನಗೆ’ ಫೋನ್ ಮಾಡಿದರೆ ಅವರು ‘ನಿನ್ನನ್ನು’ ಫೋನ್ ಮಾಡುತ್ತಾರೆ. ಹೀಗೆ ದಾರಿ ತಪ್ಪುವ ವಾಕ್ಯ ಸಿಕ್ಕಾಗಲೆಲ್ಲ ತೂತಿನ ಕಾರ್ಡ್ ಮಾಡಿ.

ಕ್ರಿಯಾಪದದ ಜಾಗ ಇನ್ನೊಂದು. ಸಾದಾ ವಾಕ್ಯದಲ್ಲಿ ಅದು ಎರಡನೆಯ ಸ್ಥಾನ ಬಿಡುವುದಿಲ್ಲ. ‘ಇವತ್ತು’ ಎಂದು ಶುರುಮಾಡಿದರೆ ‘ಇವತ್ತು ಹೋಗುತ್ತೇನೆ ನಾನು’ ಎಂಬ ಕ್ರಮ. ಇಲ್ಲಿ ‘ನಾನು’ವನ್ನು ಮುಂದೆ ತರುವುದು ಎಲ್ಲರ ತಪ್ಪು. ‘ಏಕೆಂದರೆ’ ಎನ್ನುವ ‘ವೈಲ್’ನಂಥ ಪದ ಬಂದ ಮೇಲೆ ಮಾತ್ರ ಕ್ರಿಯಾಪದ ಕೊನೆಗೆ ಹೋಗುತ್ತದೆ, ಕನ್ನಡದ ಹಾಗೇ. ಈ ಜಾಗದಲ್ಲಿ ಧೈರ್ಯವಾಗಿ ಕನ್ನಡದಲ್ಲೇ ಯೋಚಿಸಿ.

ಸಂಖ್ಯೆಗಳಿಗೆ ಪ್ರತ್ಯೇಕ ಮೂರು ದಿನ ಕೊಡಿ. ಇಪ್ಪತ್ತೊಂದು ಅವರಿಗೆ ‘ಒಂದು-ಮತ್ತು-ಇಪ್ಪತ್ತು’, ಏಕವಿಂಶತಿಯ ಹಾಗೆ. ಗಂಟೆ ಹೇಳುವಾಗ ‘ಹಲ್ಪ್ ಡ್ರೈ’ ಅಂದರೆ ಎರಡೂವರೆ, ಮೂರೂವರೆ ಅಲ್ಲ. ಇದು ತಪ್ಪಿದರೆ ರೈಲೂ ತಪ್ಪುತ್ತದೆ.

## ಹಂತ 7: ಹತ್ತು ನಿಮಿಷದ ಬಾಯಿ

ಮೊದಲ ತಿಂಗಳು ಕಲಿತ ಪಾಠದ ಸಂಭಾಷಣೆಯನ್ನು ಧ್ವನಿಯ ಬೆನ್ನುಹತ್ತಿ ಹೇಳಿ. ಅವರು ಹೇಳಿ ಅರ್ಧ ಸೆಕೆಂಡಿನಲ್ಲಿ ನೀವು. ಪುಸ್ತಕ ನೋಡಬಾರದು. ಎರಡನೆಯ ತಿಂಗಳಿನಿಂದ ಪ್ರತಿ ಭಾನುವಾರ ಒಂದೇ ವಿಷಯದ ಮೇಲೆ ಒಂದು ನಿಮಿಷ ರೆಕಾರ್ಡ್ ಮಾಡಿ ದಿನಾಂಕ ಹಾಕಿಡಿ. ತಡವರಿಸಿದ ಜಾಗಗಳೇ ಮುಂದಿನ ವಾರದ ಕಾರ್ಡ್‌ಗಳು.

ಎಐ ಚಾಟ್ ಬಳಸುವವರಿಗೆ ಒಂದು ಎಚ್ಚರಿಕೆ. ಸುಮ್ಮನೆ ಬಿಟ್ಟರೆ ಅದು ಪ್ರತಿ ಸಾಲಿಗೂ ಶಭಾಷ್ ಎನ್ನುತ್ತದೆ, ಇಲ್ಲವೆ ನಿಮ್ಮ ಮಾತನ್ನೆಲ್ಲ ತಾನೇ ಚಂದ ಮಾಡಿ ಬರೆದುಕೊಡುತ್ತದೆ. ಶುರುವಿನಲ್ಲೇ ಹೇಳಿ: ಎ1 ಮಟ್ಟದ ಪದ ಮಾತ್ರ ಬಳಸು, ತಪ್ಪಿದ್ದರೆ ಎಲ್ಲಿ ಎಂದಷ್ಟೇ ತೋರಿಸು, ಸರಿ ಉತ್ತರ ಕೊಡಬೇಡ. ಅದು ಹೇಳಿದ ಲಿಂಗವನ್ನೂ ಡೂಡನ್‌ನಲ್ಲಿ ಒಮ್ಮೆ ನೋಡಿ.

ಮೂರನೆಯ ತಿಂಗಳಿನಿಂದ ವಾರಕ್ಕೆ ಅರ್ಧ ಗಂಟೆ ನಿಜವಾದ ಮನುಷ್ಯರು ಬೇಕು. ಆನ್‌ಲೈನಿನಲ್ಲಿ ಗಂಟೆಯ ಲೆಕ್ಕಕ್ಕೆ ಮಾತಾಡಿಸುವ ಮೇಷ್ಟ್ರು ಸಿಗುತ್ತಾರೆ. ದುಡ್ಡು ಬೇಡವಾದರೆ ಜೊತೆಗೆ ಕಲಿಯುತ್ತಿರುವ ಇನ್ನೊಬ್ಬರು ಸಾಕು. ಇಬ್ಬರದೂ ತಪ್ಪು ಜರ್ಮನ್ ಆದರೂ ಬಾಯಿ ಕಟ್ಟುವುದು ಬಿಡುತ್ತದೆ. ‘ಇನ್ನೂ ಸ್ವಲ್ಪ ಕಲಿತು ಆಮೇಲೆ ಮಾತಾಡುತ್ತೇನೆ’ ಎಂದವರಲ್ಲಿ ಆ ‘ಆಮೇಲೆ’ ಬಂದದ್ದನ್ನು ನಾನು ಕಂಡಿಲ್ಲ.

## ದಾರಿ ತಪ್ಪುತ್ತಿರುವ ಸೂಚನೆಗಳು

ರಾತ್ರಿ 11.50ಕ್ಕೆ ಸ್ಟ್ರೀಕ್ ಉಳಿಸಲು ಹಳೆಯ ಸುಲಭ ಪಾಠ ತೆರೆಯುತ್ತಿದ್ದೀರಿ. ಅಂದರೆ ಕಲಿಯುವುದು ನಿಂತು ಹಾಜರಿ ಮಾತ್ರ ಉಳಿದಿದೆ. ಒಂದು ದಿನ ಬೇಕೆಂದೇ ಸ್ಟ್ರೀಕ್ ಮುರಿಯಿರಿ, ಏನೂ ಆಗುವುದಿಲ್ಲ.

ಒಂದು ವಾರದಲ್ಲಿ ಎರಡನೆಯ ಹೊಸ ಆ್ಯಪ್ ಇಳಿಸಿದ್ದೀರಿ. ಈಗಿರುವ ಪಾಠದಲ್ಲಿ ಯಾವುದೋ ಗಂಟು ಬಿಡಿಸಲಾಗಿಲ್ಲ, ಅದನ್ನು ಹುಡುಕಿ.

ಆಂಕಿ ಅಂಕಿಅಂಶದಲ್ಲಿ ಸರಿ ಉತ್ತರ 80 ಪ್ರತಿಶತಕ್ಕಿಂತ ಕೆಳಗಿಳಿದಿದೆ. ಹೊಸ ಕಾರ್ಡ್ ನಿಲ್ಲಿಸಿ. 98ಕ್ಕೆ ಏರಿದ್ದರೆ ಮರೆತದ್ದಕ್ಕೂ ‘ಗುಡ್’ ಒತ್ತುತ್ತಿದ್ದೀರಾ ನೋಡಿಕೊಳ್ಳಿ.

ಕಾರ್ಡ್ ಬರುತ್ತದೆ, ಅದೇ ಪದ ವಿಡಿಯೊದಲ್ಲಿ ಕೇಳಿಸುವುದಿಲ್ಲ. ಕಾರ್ಡಿಗೆ ಧ್ವನಿ ಹಾಕಿಲ್ಲ, ಅಥವಾ ಮೂರನೆಯ ಹಂತ ಹಾರಿಸಿದ್ದೀರಿ.

## ಹಂತ 8: ಪರೀಕ್ಷೆಗೆ ಆರು ವಾರ ಇರುವಾಗ

ಗೋಥೆ ಎ1 ಪರೀಕ್ಷೆ ಒಟ್ಟು 100 ಅಂಕಕ್ಕೆ, 60 ಬಂದರೆ ಪಾಸು. ಕೇಳುವುದು ಸುಮಾರು 20 ನಿಮಿಷ, ಓದು 25, ಬರಹ 20, ಮಾತು ಗುಂಪಿನಲ್ಲಿ ಸುಮಾರು 15. ಬೆಂಗಳೂರಿನವರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ (ಭಾರತದಲ್ಲಿ ಗೋಥೆ ಸಂಸ್ಥೆಗೆ ಇದೇ ಹೆಸರು) ನಡೆಯುತ್ತದೆ. ಮಾದರಿ ಪ್ರಶ್ನೆಪತ್ರಿಕೆ, ಧ್ವನಿ ಸಮೇತ, ಗೋಥೆ ತಾಣದಲ್ಲೇ ಉಚಿತ. ದಿನಾಂಕ ಮತ್ತು ಸೀಟನ್ನು ಈ ಹಂತದಲ್ಲಿ ಅಲ್ಲ, ಎರಡು ತಿಂಗಳು ಮುಂಚೆಯೇ ನೋಡಿಡಿ.

ಕೇಳುವ ವಿಭಾಗದ ಎರಡನೆಯ ಭಾಗವನ್ನು ಒಂದೇ ಸಲ ಹಾಕುತ್ತಾರೆ. ಮನೆಯಲ್ಲಿ ಹಿಂದಕ್ಕೆ ಒತ್ತಿ ಒತ್ತಿ ಕೇಳಿ ರೂಢಿಯಾದವರು ಇಲ್ಲೇ ಎಡವುತ್ತಾರೆ. ಈ ಆರು ವಾರ ಏನು ಕೇಳಿದರೂ ಮೊದಲ ಸಲ ನಿಲ್ಲಿಸದೆ ಕೇಳಿ.

ಬರಹದಲ್ಲಿ ಒಂದು ಅರ್ಜಿ ತುಂಬುವುದು, ಒಂದು 30 ಪದದ ಚಿಕ್ಕ ಪತ್ರ. ಪತ್ರದಲ್ಲಿ ಮೂರು ಅಂಶ ಕೇಳಿರುತ್ತಾರೆ, ಮೂರಕ್ಕೂ ಒಂದೊಂದು ವಾಕ್ಯವಾದರೂ ಇರಲಿ. ಸೊಗಸಾಗಿ ಒಂದನ್ನೇ ಬರೆದು ಎರಡನ್ನು ಬಿಟ್ಟರೆ ಅಂಕ ಹೋಗುತ್ತದೆ. ಇದನ್ನು ಕೈಬರಹದಲ್ಲೇ ಅಭ್ಯಾಸ ಮಾಡಿ, ಫೋನ್ ತಾನಾಗಿ ಚುಕ್ಕೆ ಹಾಕಿಕೊಡುವ ಸೌಕರ್ಯ ಅಲ್ಲಿಲ್ಲ.

ಮಾತಿನಲ್ಲಿ ಹೆಸರು, ವಯಸ್ಸು, ದೇಶ, ಊರು, ಭಾಷೆಗಳು, ಕೆಲಸ, ಹವ್ಯಾಸ ಹೇಳಬೇಕು. ಆಮೇಲೆ ಯಾವುದಾದರೂ ಒಂದು ಪದದ ಅಕ್ಷರ ಬಿಡಿಸಿ ಹೇಳಿಸುತ್ತಾರೆ, ಒಂದು ಸಂಖ್ಯೆ ಕೇಳುತ್ತಾರೆ. ಅಕ್ಷರ ಬಿಡಿಸುವುದೇ ದೊಡ್ಡ ಕಂದಕ, ಏಕೆಂದರೆ ಇಂಗ್ಲಿಷಿನ ‘ಎ’ ಅವರಿಗೆ ‘ಆ’, ಇಂಗ್ಲಿಷಿನ ‘ಇ’ ಅವರಿಗೆ ‘ಏ’, ‘ಐ’ ಅವರಿಗೆ ‘ಈ’. ವಿಜಯಪುರದವರು ಹೀಗೆ ಬಿಡಿಸಬೇಕು: ಫೌ, ಈ, ಯೋಟ್, ಆ, ಇಪ್ಸಿಲೋನ್, ಆ, ಪೇ, ಊ, ಎರ್, ಆ. ನಿಮ್ಮ ಹೆಸರು, ಊರು, ಬೀದಿ, ಮಿಂಚಂಚೆ ಇಷ್ಟನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತೆ ಬಾಯಿಪಾಠ ಮಾಡಿ. ಫೋನ್ ನಂಬರ್ ಒಂದೊಂದೇ ಅಂಕಿಯಾಗಿ ಹೇಳಬಹುದು. ಎರಡು ಎಂಬ ‘ತ್ಸ್ವೈ’ ಮೂರು ಎಂಬ ‘ಡ್ರೈ’ ಜೊತೆ ಕಲಸಿಹೋಗಬಾರದೆಂದು ಅಲ್ಲಿಯವರೇ ‘ತ್ಸ್ವೋ’ ಎನ್ನುವುದುಂಟು.

ಪರೀಕ್ಷಕರ ಪ್ರಶ್ನೆ ಅರ್ಥವಾಗದಿದ್ದರೆ ಸುಮ್ಮನಿರಬೇಡಿ. ‘ಮತ್ತೊಮ್ಮೆ ಹೇಳುತ್ತೀರಾ’ ಎಂದು ಜರ್ಮನ್‌ನಲ್ಲಿ ಕೇಳುವ ವಾಕ್ಯ ನಿಮ್ಮ ಕಟ್ಟಿನ ಮೊದಲ ಹತ್ತು ಕಾರ್ಡ್‌ಗಳಲ್ಲಿ ಇರಬೇಕು.

ಪರೀಕ್ಷೆ ಮುಗಿದ ವಾರ ಎಲ್ಲರೂ ಆಂಕಿ ತೆರೆಯುವುದನ್ನು ಬಿಡುತ್ತಾರೆ. ಎ2ಗೆ ಹೋಗುವ ಯೋಚನೆ ಇದ್ದರೆ ಹೊಸ ಕಾರ್ಡನ್ನು ಸೊನ್ನೆಗೆ ಇಳಿಸಿ ಹಳೆಯದನ್ನು ಮಾತ್ರ ನಡೆಸುತ್ತಿರಿ. ಆ ಹೊತ್ತಿಗೆ ದಿನಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ, ಒಂದು ಲೋಟ ಕಾಫಿ ಆರುವಷ್ಟು ಹೊತ್ತು.